ಕಲಿಸಲು ಹೊರಟವರು ಕ್ಲೈಂಟ್‌ಗಳನ್ನು ಬಿಡಬೇಡಿ

ನೇಲ್ ಟೆಕ್ನಿಷಿಯನ್ ಆಗಿ ಕೈ ಪಳಗಿ, ಮಾಡಿದ ಕೆಲಸದ ಫೋಟೋಗಳನ್ನು ನಾಲ್ಕು ಜನ ಹುಡುಕಿಕೊಂಡು ಬಂದು ನೋಡುವ ಹಾಗಾದ ಮೇಲೆ ಉಗುರಿಗೆ ಹಚ್ಚುವ ಜೆಲ್ ಮಾರುವ ಯಾವುದಾದರೂ ಕಂಪನಿಯವರು ಕೇಳುತ್ತಾರೆ, "ನಮ್ಮ ಪ್ರಾಡಕ್ಟ್ ಎಜುಕೇಟರ್ ಆಗ್ತೀರಾ?" ಅಂತ. ಅಂದರೆ ಅವರ ಜೆಲ್ ಬಳಸುವುದನ್ನು ಬೇರೆಯವರಿಗೆ ಕಲಿಸುವ ಕೆಲಸ. ಈಚೆಗೆ ಹಲವು ಹುಡುಗಿಯರು ಇದೇ ವಿಷಯಕ್ಕೆ ನನ್ನ ಸಲಹೆ ಕೇಳಿದ್ದಾರೆ. ಖಂಡಿತ ಆಗಿ ಅಂತಲೇ ಹೇಳಿದ್ದೇನೆ. ಆದರೆ ಕ್ಲೈಂಟ್ ಕೆಲಸ ನಿಲ್ಲಿಸಿ ಆಗಬೇಡಿ.

ಡೆಮೊ ದಿನ ಎಲ್ಲ ಜೆಲ್ಲೂ ಚೆನ್ನಾಗೇ ಕಾಣುತ್ತದೆ. ಒಳ್ಳೆಯ ಉಗುರಿರುವ ಮಾಡೆಲ್, ಒಳ್ಳೆಯ ಬೆಳಕು, ಬೇಕಾದಷ್ಟು ಸಮಯ. ಪ್ರಾಡಕ್ಟಿನ ನಿಜವಾದ ಗುಣ ಗೊತ್ತಾಗುವುದು ಮೂರು ವಾರದ ನಂತರ ಅದೇ ಕೈ ರೀಫಿಲ್‌ಗೆ, ಅಂದರೆ ಉಗುರು ಬೆಳೆದ ಜಾಗಕ್ಕೆ ಮತ್ತೆ ಜೆಲ್ ತುಂಬಿಸಿಕೊಳ್ಳಲು ಬಂದಾಗ. ಉಗುರು ತಿಂಗಳಿಗೆ ಸುಮಾರು 3 ಮಿಲಿಮೀಟರ್ ಬೆಳೆಯುತ್ತದೆ. ಅಷ್ಟರೊಳಗೆ ಜೆಲ್ ಎಲ್ಲಿ ಎದ್ದಿದೆ, ಎಲ್ಲಿ ಬಿರುಕು ಬಿಟ್ಟಿದೆ ಎಂದು ನೋಡಿದರೆ ಕಾರಣ ಹೆಚ್ಚುಕಡಿಮೆ ಸಿಕ್ಕಿಬಿಡುತ್ತದೆ. ಬುಡದ ಹತ್ತಿರ ಲಿಫ್ಟ್ ಆಗಿದ್ದರೆ ಪ್ರೆಪ್, ಅಂದರೆ ಜೆಲ್ ಹಚ್ಚುವ ಮುಂಚೆ ಉಗುರು ಸಿದ್ಧ ಮಾಡುವಾಗ ಕ್ಯುಟಿಕಲ್‌ನ ಸತ್ತ ಪೊರೆ ಉಳಿದಿರುತ್ತದೆ, ಇಲ್ಲವೇ ಜೆಲ್ ಚರ್ಮಕ್ಕೆ ತಾಗಿರುತ್ತದೆ. ತುದಿಯಲ್ಲಿ ಚಕ್ಕೆ ಎದ್ದಿದ್ದರೆ ಅಂಚನ್ನು ಜೆಲ್ಲಿನಿಂದ ಮುಚ್ಚಿರುವುದಿಲ್ಲ. ಒಂದೇ ಬೆರಳಲ್ಲಿ ಮತ್ತೆ ಮತ್ತೆ ಆಗುತ್ತಿದ್ದರೆ ಕ್ಲೈಂಟ್ ಆ ಬೆರಳನ್ನು ಹೇಗೆ ಬಳಸುತ್ತಾಳೆ ಎಂದು ಕೇಳಬೇಕು. ಹತ್ತೂ ಬೆರಳಲ್ಲಿ ಆಗಿದ್ದರೆ ಮೊದಲು ಪ್ರೆಪ್, ಆಮೇಲೆ ಜೆಲ್ ಗಟ್ಟಿ ಮಾಡುವ ಲ್ಯಾಂಪ್, ಕೊನೆಗೆ ಪ್ರಾಡಕ್ಟಿನ ಮೇಲೆ ಅನುಮಾನ ಪಡಬೇಕು. ಕ್ಲಾಸಿನಲ್ಲಿ ಹುಡುಗಿಯರು ಕೇಳುವುದೂ ಇದನ್ನೇ. ವಾರಪೂರ್ತಿ ಬರೀ ಟ್ರೇನಿಂಗ್ ಮಾಡುತ್ತಾ ಇದ್ದವರ ಹತ್ತಿರ ಇದಕ್ಕೆ ಕಂಪನಿ ಬರೆದುಕೊಟ್ಟ ಉತ್ತರ ಮಾತ್ರ ಇರುತ್ತದೆ.

ಇನ್ನು ಕೆಮಿಸ್ಟ್ರಿ. ಇದರಿಂದ ನುಣುಚಿಕೊಳ್ಳುವ ಎಜುಕೇಟರ್‌ಗಳನ್ನು ಕಂಡರೆ ನನಗೆ ಸಿಟ್ಟೇ ಬರುತ್ತದೆ. ಜೆಲ್ ಗಟ್ಟಿಯಾಗಿ ಕಂಡ ಮಾತ್ರಕ್ಕೆ ಪೂರ್ತಿ ಕ್ಯೂರ್ ಆಗಿದೆ, ಅಂದರೆ ಒಳಗಿನವರೆಗೂ ಗಟ್ಟಿಯಾಗಿದೆ ಎಂದಲ್ಲ. ಜೆಲ್ಲಿನೊಳಗಿನ ಫೋಟೋಇನಿಷಿಯೇಟರ್‌ಗೆ (ಬೆಳಕು ಬಿದ್ದಾಗ ಜೆಲ್ ಗಟ್ಟಿಯಾಗಲು ಶುರುಮಾಡಿಸುವ ರಾಸಾಯನಿಕ) ತಕ್ಕ ತರಂಗಾಂತರದ ಬೆಳಕು, ತಕ್ಕಷ್ಟು ಹೊತ್ತು ಬೇಕು. ಯಾವುದೋ ಲ್ಯಾಂಪಿನಲ್ಲಿ ಯಾವುದೋ ಜೆಲ್ ಇಟ್ಟರೆ ಒಳಗೆ ಕ್ಯೂರ್ ಆಗದ ಮೊನೊಮರ್ (ಜೆಲ್ಲಿನ ಮೂಲ ರಾಸಾಯನಿಕ, ಹೆಚ್ಚಾಗಿ ಅಕ್ರಿಲೇಟ್ ಜಾತಿಯದು) ಉಳಿಯುತ್ತದೆ. ಅದು ಚರ್ಮಕ್ಕೆ ಪದೇ ಪದೇ ತಾಗಿದರೆ ಅಲರ್ಜಿ. ಕ್ಲೈಂಟ್‌ಗಿಂತ ಹೆಚ್ಚು ಅಪಾಯ ದಿನವಿಡೀ ಅದರಲ್ಲೇ ಕೈಯಾಡಿಸುವ ನಮಗೆ. ಒಮ್ಮೆ ಬಂದ ಅಕ್ರಿಲೇಟ್ ಅಲರ್ಜಿ ಸಾಮಾನ್ಯವಾಗಿ ಜೀವನಪೂರ್ತಿ ಉಳಿಯುತ್ತದೆ. ಹಲ್ಲಿನ ಫಿಲ್ಲಿಂಗ್‌ನಲ್ಲೂ ಇದೇ ಜಾತಿಯ ರಾಸಾಯನಿಕಗಳಿರುವುದರಿಂದ ಮುಂದೆ ದಂತವೈದ್ಯರ ಕುರ್ಚಿಯಲ್ಲೂ ತೊಂದರೆಯಾಗಬಹುದು. ಅಮೆರಿಕನ್ ಕಾಂಟ್ಯಾಕ್ಟ್ ಡರ್ಮಟೈಟಿಸ್ ಸೊಸೈಟಿ 2012ರಲ್ಲೇ ಅಕ್ರಿಲೇಟ್‌ಗಳನ್ನು ವರ್ಷದ ಅಲರ್ಜನ್ (ಅಲರ್ಜಿ ತರುವ ವಸ್ತು) ಎಂದು ಹೆಸರಿಸಿತ್ತು. ಹೆಮಾ (HEMA) ಎಂಬ ಅಕ್ರಿಲೇಟ್ ಜಾತಿಯ ರಾಸಾಯನಿಕ ಇರುವ ಉಗುರಿನ ಪ್ರಾಡಕ್ಟ್‌ಗಳು ವೃತ್ತಿಪರರ ಬಳಕೆಗೆ ಮಾತ್ರ ಎಂಬ ನಿಯಮ ಯುರೋಪಿಯನ್ ಒಕ್ಕೂಟದಲ್ಲಿ 2021ರಿಂದ ಇದೆ. 2025ರ ಸೆಪ್ಟೆಂಬರ್ 1ರಿಂದ ಅಲ್ಲಿ ಟಿಪಿಒ ಎಂಬ ಫೋಟೋಇನಿಷಿಯೇಟರ್ ಅನ್ನೇ ಕಾಸ್ಮೆಟಿಕ್‌ಗಳಲ್ಲಿ ನಿಷೇಧಿಸಲಾಗಿದೆ.

ಇಂಥ ಸುದ್ದಿ ಬಂದಾಗ ಹುಡುಗಿಯರು ಗಾಬರಿಯಿಂದ ಮೊದಲು ಕೇಳುವುದು ಎಜುಕೇಟರ್ ಅನ್ನು. "ನಮ್ಮದು ಸೇಫ್, ತಲೆ ಕೆಡಿಸ್ಕೋಬೇಡಿ" ಎಂಬುದು ಉತ್ತರವಲ್ಲ. ಡಬ್ಬಿಯ ಮೇಲೆ ಹೆಮಾ ಫ್ರೀ ಎಂದು ಬರೆದಿದ್ದರೂ ಒಳಗೆ ಬೇರೆ ಅಕ್ರಿಲೇಟ್‌ಗಳು ಇರಬಹುದು, ಅವಕ್ಕೂ ಅಲರ್ಜಿ ಆಗಬಹುದು ಎಂದು ಬಾಯಿಬಿಟ್ಟು ಹೇಳಬೇಕು. ಕಂಪನಿಗೆ ಹಿಡಿಸದೆ ಇರಬಹುದು. ಆದರೂ ಹೇಳಲೇಬೇಕು, ಯಾಕೆಂದರೆ ನಾಳೆ ಬೆರಳ ತುದಿ ಸುಲಿದು ಕೆಲಸವನ್ನೇ ಬಿಡಬೇಕಾಗಿ ಬರುವುದು ಆ ಹುಡುಗಿಗೆ.

ಕಲಿಸುವ ಕೌಶಲವೇ ಬೇರೆ ಎಂಬುದನ್ನೂ ಹಲವರು ಮರೆಯುತ್ತಾರೆ. ಕಲಿಯುವವಳ ಕೈಯಿಂದ ಬ್ರಷ್ ತೆಗೆದುಕೊಂಡು ನಾವೇ ಮಾಡಿ ತೋರಿಸಿದರೆ ಉಗುರೇನೋ ಚೆಂದ ಆಗುತ್ತದೆ, ಅವಳು ಕಲಿಯುವುದಿಲ್ಲ. ಬ್ರಷ್ ಅವಳ ಕೈಯಲ್ಲೇ ಇರಲಿ. ಜೆಲ್ ಹೆಚ್ಚಾಯಿತೇ, ಕ್ಯೂರ್ ಮಾಡುವ ಮುಂಚೆ ಅವಳೇ ಒರೆಸಿ ಮತ್ತೆ ಹಾಕಲಿ. ನೋಡುತ್ತಾ ಸುಮ್ಮನೆ ಕೂರುವುದು ಕಷ್ಟ, ಆದರೆ ಅದೇ ನಮ್ಮ ಕೆಲಸ.

ದುಡ್ಡಿನ ಮಾತನ್ನೂ ಆಡಿಬಿಡುತ್ತೇನೆ. ಸಂಬಳದ ಬದಲು ಜೆಲ್ ಡಬ್ಬಿ, ಡಿಸ್ಕೌಂಟ್ ಕೊಡುತ್ತೇವೆ ಎನ್ನುವವರಿದ್ದಾರೆ. ಒಪ್ಪಬೇಡಿ. ಕ್ಲಾಸ್ ತೆಗೆದುಕೊಂಡ ದಿನ ನಿಮ್ಮ ಕ್ಲೈಂಟ್‌ಗಳ ಗಳಿಕೆ ಹೋಗಿರುತ್ತದೆ, ತಯಾರಿಗೂ ಸಮಯ ಹಿಡಿದಿರುತ್ತದೆ. ಬೇರೆ ಬ್ರ್ಯಾಂಡ್ ಮುಟ್ಟುವಂತಿಲ್ಲ ಎಂಬ ಷರತ್ತು ಕರಾರಿನಲ್ಲಿದ್ದರೆ ಅದು ಕ್ಲಾಸಿಗೆ ಮಾತ್ರವೋ, ನಿಮ್ಮ ಸ್ವಂತ ಕ್ಲೈಂಟ್‌ಗಳಿಗೂ ಅನ್ವಯಿಸುತ್ತದೋ ಎಂದು ಬರವಣಿಗೆಯಲ್ಲೇ ಕೇಳಿ ಪಡೆಯಿರಿ. ಮೊದಲ ಭೇಟಿಯಲ್ಲೇ ಪ್ರತಿ ಪ್ರಾಡಕ್ಟಿನ ಸೇಫ್ಟಿ ಡೇಟಾ ಶೀಟ್ (ಅದರಲ್ಲಿನ ರಾಸಾಯನಿಕ, ಅಪಾಯಗಳ ವಿವರವಿರುವ ಹಾಳೆ) ಕೇಳಿ, ಯಾವ ಲ್ಯಾಂಪಿನಲ್ಲಿ ಪರೀಕ್ಷೆ ಮಾಡಿದ್ದಾರೆ ಎಂದೂ ಕೇಳಿ. ಕೊಡಲು ಹಿಂದೆಮುಂದೆ ನೋಡಿದರೆ ಸಹಿ ಹಾಕಬೇಡಿ.