ಮೇಸ್ತ್ರಿಗೆ ‘ಹೌದಾ?’ ಅನ್ನಬೇಡಿ

ಭಾನುವಾರ ಹೋಯಿತು. ಪೂರ್ತಿ ಹೋಯಿತು. ಒಂದೇ ಒಂದು ಪೈಪು ಕತ್ತರಿಸೋದಕ್ಕೆ. ಇದನ್ನು ಬರೆಯುವಾಗಲೂ ನನ್ನ ಉಗುರಿನ ಸಂದಿಯಲ್ಲಿ ತುಕ್ಕು ಇದೆ.

ನಮ್ಮ ಹಳೇ ಕಾರಿನ ಸೈಲೆನ್ಸರ್ ಒಂದು ವಾರದಿಂದ ಟ್ರ್ಯಾಕ್ಟರಿನ ಹಾಗೆ ಅರಚುತ್ತಿತ್ತು. ನಾನು ವಿದ್ಯಾನಗರದ ತಿರುವಿಗೆ ಬಂದರೆ ಸಾಕು, ಮನೆಯಲ್ಲಿ ತಟ್ಟೆ ಹಾಕುತ್ತಿದ್ದರು. ತಪ್ಪು ನನ್ನದೇ. ಪೆಟ್ರೋಲ್ ಉರಿದರೆ ಬರೀ ಹೊಗೆ ಅಲ್ಲ, ನೀರೂ ಹುಟ್ಟುತ್ತದೆ. ಒಂದು ಲೀಟರಿಗೆ ಹೆಚ್ಚುಕಡಿಮೆ ಒಂದು ಲೀಟರ್! ದೂರ ಓಡಿಸಿದರೆ ಪೈಪು ಕಾದು ನೀರು ಆವಿಯಾಗಿ ಹೊರಗೆ ಹೋಗುತ್ತದೆ. ನಾನು ಹೋಗುವುದು ಮಂಡಕ್ಕಿ ತರೋದಕ್ಕೆ. ಮಂಡಕ್ಕಿ ಮನೆಗೆ ಬರುತ್ತಿತ್ತು, ನೀರು ಸೈಲೆನ್ಸರಿನಲ್ಲೇ ಉಳಿಯುತ್ತಿತ್ತು. ಒಳಗಿನಿಂದ ತುಕ್ಕು ಹಿಡಿಯಿತು, ಹಳೇದನ್ನು ಕತ್ತರಿಸಿ ಹೊಸದು ಹಾಕಿಸಬೇಕಾಯಿತು.

ಈ ಸಲ ಬುದ್ಧಿವಂತನಾಗೋಣ ಅಂತ ಆನ್‌ಲೈನಿನಲ್ಲಿ ಒಂದು ಚೈನ್ ಕಟರ್ ತರಿಸಿದ್ದೆ. ಸೈಕಲ್ ಚೈನಿನಂಥದ್ದು, ಕೊಂಡಿಗಳ ನಡುವೆ ಚೂಪಾದ ಪುಟ್ಟ ಗಾಲಿಗಳು. ಪೈಪಿಗೆ ಸುತ್ತಿ, ಬಿಗಿ ಮಾಡಿ, ಹಿಡಿಯನ್ನು ಆ ಕಡೆ ಈ ಕಡೆ ಆಡಿಸಬೇಕು. ಗಾಲಿಗಳು ಕಚ್ಚುತ್ತಾ ಹೋಗುತ್ತವೆ. ಕಿಡಿ ಇಲ್ಲ, ಗದ್ದಲ ಇಲ್ಲ.

‘ಏನ್ರೀ ಇದು, ಎಮ್ಮೆ ಕಟ್ಟೋದಾ?’ ಅಂದಳು ಹೆಂಡತಿ.

ಗ್ಯಾರೇಜಿನ ಮೇಸ್ತ್ರಿ ಅದನ್ನು ಕೈಯಲ್ಲಿ ತೂಗಿ ನೋಡಿ, ‘ಚೆನ್ನಾಗೈತಿ ಸರ್’ ಎಂದು ಗೋಡೆಯ ಮೊಳೆಗೆ ತೂಗುಹಾಕಿದರು. ಆಮೇಲೆ ಡಬ್ಬ ತಡಕಿ, ಕಬ್ಬಿಣ ಕುಯ್ಯೋ ಆಕ್ಸಾ ಗರಗಸದ ಅರ್ಧ ಬ್ಲೇಡ್ ತೆಗೆದರು. ಹಿಡಿಯೋ ಕಡೆ ಸೈಕಲ್ ಟ್ಯೂಬ್ ಸುತ್ತಿತ್ತು. ಕಾರಿನ ಹೊಟ್ಟೆಗೂ ಪೈಪಿಗೂ ನಡುವೆ ಗರಗಸದ ಫ್ರೇಮ್ ಹೋಗಲ್ಲ, ಅದಕ್ಕೇ ಬರೀ ಬ್ಲೇಡು. ತೆಳು ಪೈಪಿಗೆ ಇಂಚಿಗೆ 24 ಅಥವಾ 32 ಹಲ್ಲಿನ ಬ್ಲೇಡ್ ಬೇಕು. ಇದರ ಹಲ್ಲು ನಮ್ಮಜ್ಜನ ಬಾಯಿಯಷ್ಟೇ ಇದ್ದವು.

ಅದೂ ಪರವಾಗಿಲ್ಲ. ಹಲ್ಲಿಲ್ಲದಿದ್ದರೂ ಅಜ್ಜ ಚಕ್ಕುಲಿ ತಿನ್ನುತ್ತಿದ್ದರು. ತೊಂದರೆ ಬೇರೆ. ನಮ್ಮ ಮೇಸ್ತ್ರಿಗೆ ಕುಯ್ಯೋದು, ಮಾತಾಡೋದು ಎರಡೂ ಒಟ್ಟಿಗೆ ಬರುವುದಿಲ್ಲ.

ಕರ್, ಕರ್, ಕರ್. ನಿಲ್ಲಿಸಿದರು. ‘ತಂಗಿ ಮಗಳಿಗೆ ಹರಿಹರದಾಗೆ ಗಂಡು ನೋಡೀವಿ ಸರ್.’

‘ಹೌದಾ?’ ಅಂದೆ. ಅಲ್ಲೇ ಕೆಟ್ಟಿದ್ದು.

ಕಾರಿನಡಿಯಿಂದ ಗಂಡಿನ ಸಂಬಳ ಬಂತು, ಗಂಡಿನ ಅಣ್ಣನ ಜಗಳ ಬಂತು, ಊಟಕ್ಕೆ ಎಷ್ಟು ಜನ ಅನ್ನೋ ಲೆಕ್ಕ ಬಂತು. ಬ್ಲೇಡು ಪೈಪಿನ ಮೇಲೆ ನಿದ್ದೆ ಹೋಯಿತು. ನಾನು ಬಾಯಿ ಮುಚ್ಚಿಕೊಂಡೆ. ಆಗ ಅವರು, ‘ಸರ್, ಇದೀರಾ?’ ಅಂದರು. ‘ಇದೀನಿ’ ಅನ್ನದೆ ಇರೋಕಾಗುತ್ತಾ? ಮತ್ತೆ ಶುರು. ನಾನು ಎಣಿಸಿದೆ. ಮೂರು ಎಳೆತಕ್ಕೆ ಒಂದು ಸಂಗತಿ, ನಾಲ್ಕಕ್ಕೆ ಒಂದು ನಿಟ್ಟುಸಿರು. ಒಮ್ಮೆ ಏಳು ಎಳೆತ ಸತತವಾಗಿ ಬಂತು. ನನಗೆ ಆಸೆ ಹುಟ್ಟಿತು. ನೋಡಿದರೆ ಅವರು ತಮ್ಮ ಬೆನ್ನು ಕೆರೆದುಕೊಳ್ಳುತ್ತಿದ್ದರು.

ಒಂದು ಸಲ ಮಾತ್ರ ನಾನೇ ಬ್ಲೇಡ್ ನಿಲ್ಲಿಸಿದೆ. ಇದನ್ನು ಹಿಡಿಯೋದು ಯಾರು ಕಲಿಸಿದ್ದು ಅಂತ ಕೇಳಿದ್ದೆ. ಅವರಪ್ಪನಂತೆ. ದಾವಣಗೆರೆಯ ಹತ್ತಿ ಮಿಲ್ಲಿನಲ್ಲಿ ಫಿಟ್ಟರ್ ಆಗಿದ್ದವರು. ‘ಹಲ್ಲು ಮುಂದಕ್ಕೆ ಇರ್ತಾವೆ. ತಳ್ಳಿದಾಗ ಕುಯ್ತೈತಿ. ಎಳೆದಾಗ ಸುಮ್ನೆ ಬರಬೇಕು, ಒತ್ತಬಾರದು ಅಂತಿದ್ದ.’ ಮಿಲ್ಲಿನ ಸೈರನ್ ಕೂಗಿದ ಮೇಲೆ ಅವ್ವ ಅಕ್ಕಿ ತೊಳೆಯುತ್ತಿದ್ದಳಂತೆ. ಅಪ್ಪ ಸೈಕಲ್ ನಿಲ್ಲಿಸೋ ಹೊತ್ತಿಗೆ ಅನ್ನ ಬೆಂದಿರುತ್ತಿತ್ತಂತೆ. ಆ ಕೂಗು ನಮ್ಮ ಮನೆಗೂ ಕೇಳುತ್ತಿತ್ತು. ನಾನು ಶಾಲೆಗೆ ಹೊರಡುತ್ತಿದ್ದದ್ದೂ ಅದರ ಮೇಲೆಯೇ. ಸ್ವಲ್ಪ ಹೊತ್ತು ಇಬ್ಬರೂ ಮಾತಾಡಲಿಲ್ಲ. ಮಾತಿಲ್ಲದಿದ್ದರೂ ಬ್ಲೇಡು ಆಡಲಿಲ್ಲ!

ಮಧ್ಯಾಹ್ನ ಎರಡಕ್ಕೆ ಬ್ಲೇಡು ಟಣ್ ಎಂದು ಮುರಿಯಿತು. ‘ನಿಮ್ಮ ಸರಪಳಿ ಕೊಡ್ರಿ’ ಅಂದರು. ನಾನು ಬೀಗುತ್ತಾ ಕೊಟ್ಟೆ. ಸುತ್ತಿದರು, ಬಿಗಿದರು. ಒಳಗಿನಿಂದ ತುಕ್ಕು ತಿಂದ ಪೈಪು ಹಪ್ಪಳದಂತೆ ಮುರುಟಿ ಕೂತಿತು. ಗಟ್ಟಿ ಪೈಪಿಗೆ ಮಾಡಿದ ಕಟರು ಅದು, ಹಪ್ಪಳಕ್ಕಲ್ಲ. ಮತ್ತೆ ಗೇಣು ಮುಂದಕ್ಕೆ ಗಟ್ಟಿ ಜಾಗ ಹುಡುಕಿದರು. ಅಲ್ಲಿ ಚೈನು ಎರಡೇ ನಿಮಿಷದಲ್ಲಿ ಬೆಣ್ಣೆ ಕುಯ್ದ ಹಾಗೆ ಕುಯ್ದಿತು. ಬೆಳಗ್ಗೆ ಒಂಬತ್ತಕ್ಕೇ ಆಗಬೇಕಿದ್ದ ಎರಡು ನಿಮಿಷ. ಸೈಲೆನ್ಸರ್ ತೂಗಿಬಿಡುವ ರಬ್ಬರುಗಳನ್ನು ಸೋಪಿನ ನೀರು ಹಾಕಿ ಬಿಡಿಸಿದರು, ಹೊಸ ಪೈಪಿಗೆ ವೆಲ್ಡಿಂಗ್ ಹಿಡಿದರು. ಸಂಜೆ ಆಯಿತು.

ವಾಪಸ್ ಬರುವಾಗ ಪಿ.ಬಿ. ರಸ್ತೆಯ ಸಿಗ್ನಲ್ಲಿನಲ್ಲಿ ಕಾರು ಎಷ್ಟು ಮೆತ್ತಗಿತ್ತು ಅಂದರೆ ಬಂದ್ ಆಯಿತು ಅಂದುಕೊಂಡೆ. ಕೀ ತಿರುಗಿಸಿದೆ. ಓಡುತ್ತಿದ್ದ ಎಂಜಿನ್ ‘ಕರ್ರ್‌ರ್’ ಅಂತ ಚೀರಿತು. ಪಕ್ಕದ ಆಟೋದವರು, ‘ಬಿಡ್ರಿ ಸರ್, ಚಾಲೂ ಐತಿ’ ಅಂದರು.

ಮನೆಗೆ ಬಂದರೆ ಹೆಂಡತಿ ಮೊದಲು ಕೇಳಿದ್ದು, ‘ಆ ಎಮ್ಮೆ ಸರಪಳಿ ಎಲ್ರೀ?’

ಗ್ಯಾರೇಜಿನ ಮೊಳೆಯಲ್ಲಿದೆ. ತರೋಕೆ ಹೋಗಬೇಕು. ಹೋದರೆ ಮದುವೆ ಎಲ್ಲಿಗೆ ಬಂತು ಅಂತ ಕೇಳದೆ ಬರೋಕಾಗಲ್ಲ.