ಕಳೆದುಹೋದ ನಾಣ್ಯ ಮಕ್ಕಳ ಕೈಗೆ ಸಿಗಲಿ

ಹಾಸನ, ಚಿಕ್ಕಮಗಳೂರು ಕಡೆ ಕಾನ್ವೆಂಟ್ ಅಂದರೆ ಟೈ, ಶೂ, ಇಂಗ್ಲಿಷ್ ರೈಮ್ಸ್. ಚರ್ಚಿಗೆ ಸಂಬಂಧವೇ ಇಲ್ಲದ ಶಾಲೆಗೂ ಅದೇ ಹೆಸರು. ನಾನು ಹೇಳ್ತಿರೋದು ನಿಜಕ್ಕೂ ಸಿಸ್ಟರ್‌ಗಳು, ಫಾದರ್‌ಗಳು, ಚರ್ಚ್ ಸಭೆಯವರು ನಡೆಸುವ ಶಾಲೆಗಳ ಎಲ್‌ಕೆಜಿ, ಯುಕೆಜಿ, ಒಂದನೇ ಕ್ಲಾಸಿನ ಬಗ್ಗೆ. ಅಲ್ಲಿ ಬೈಬಲ್ ಕಥೆ ಹೇಳ್ತಾರೆ, ಮುಗಿದ ಮೇಲೆ ಜೆರಾಕ್ಸ್ ಹಾಳೆ ಕೊಟ್ಟು ಕ್ರೇಯಾನ್ ತುಂಬಿಸ್ತಾರೆ. ಗಣಿತಕ್ಕೆ ಬೇರೆ ಪೀರಿಯಡ್, ಕನ್ನಡಕ್ಕೆ ಇನ್ನೊಂದು. ಕಥೆಯೊಳಗೇ ಎಣಿಕೆ, ಬಿತ್ತನೆ, ಹುಡುಕಾಟ ಎಲ್ಲ ಇರುವಾಗ ಅದನ್ನು ಬಣ್ಣದ ಹಾಳೆಗೆ ಮುಗಿಸಿಬಿಡೋದು ಶುದ್ಧ ದಂಡ.

ಬೈಬಲಿನ ಲೂಕನ ಸುವಾರ್ತೆಯ 15ನೇ ಅಧ್ಯಾಯದ ಕಥೆ ತಗೊಳ್ಳಿ. ಒಬ್ಬ ಹೆಂಗಸಿನ ಹತ್ರ ಹತ್ತು ಬೆಳ್ಳಿ ನಾಣ್ಯ. ಒಂದು ಕಳೆಯುತ್ತೆ. ದೀಪ ಹಚ್ಚಿ, ಮನೆಯೆಲ್ಲ ಗುಡಿಸಿ ಹುಡುಕ್ತಾಳೆ, ಸಿಕ್ಕಾಗ ಅಕ್ಕಪಕ್ಕದವರನ್ನೆಲ್ಲ ಕೂಗ್ತಾಳೆ. ನಾಲ್ಕು ವರ್ಷದ ಮಗುವಿಗೆ ಇದಕ್ಕಿಂತ ಒಳ್ಳೆ ಗಣಿತದ ಪಾಠ ಇಲ್ಲ.

ಮಾಡೋದು ಸುಲಭ. ಅಂಗಡಿಯಲ್ಲಿ ಸಿಗೋ ಮೂವತ್ತು ಮೊಟ್ಟೆಯ ಟ್ರೇನಲ್ಲಿ ಆರು ಸಾಲು, ಸಾಲಿಗೆ ಐದು ಗುಳಿ. ಎರಡೆರಡು ಸಾಲು ಕತ್ತರಿಸಿದರೆ ಹತ್ತು ಗುಳಿಯ ಮೂರು ತುಂಡು ಆಯ್ತು. ಒಂದೊಂದು ಗುಳಿಗೆ ಒಂದೊಂದು ಬಾಟಲಿ ಮುಚ್ಚಳ, ಅದೇ ನಾಣ್ಯ. ಒಂದು ಮಗು ಕಣ್ಣು ಮುಚ್ಚುತ್ತೆ, ಇನ್ನೊಂದು ಎತ್ತಿ ಬಚ್ಚಿಡುತ್ತೆ. ಕಣ್ಣು ಬಿಟ್ಟವರು ಎಷ್ಟು ಕಳೆದಿದೆ ಅಂತ ಹೇಳಬೇಕು, ಆಮೇಲೆ ಹುಡುಕಬೇಕು. ಪುಟ್ಟ ಪೊರಕೆ ಕೊಟ್ಟು ಗುಡಿಸೋಕೆ ಬಿಟ್ಟರೆ ಇನ್ನೂ ಚೆನ್ನ, ಕ್ಲಾಸೂ ಚೊಕ್ಕ ಆಗುತ್ತೆ!

ಎಡವೋದು ಎಲ್ಲಿ? ಮೊದಲ ದಿನವೇ ಹತ್ತಕ್ಕೆ ಕೈ ಹಾಕೋದು. ಮೂರು ನಾಲ್ಕರವರೆಗೆ ಮಗು ಎಣಿಸದೆ ನೋಡಿದ ಕೂಡಲೇ ಹೇಳುತ್ತೆ, ಅದರಾಚೆ ಬೆರಳಿಟ್ಟು ಎಣಿಸಲೇಬೇಕು. ಹಾಗಾಗಿ ಒಂದು ವಾರ ಒಂದೇ ಸಾಲಲ್ಲಿ ಐದು ಮುಚ್ಚಳ ಸಾಕು. ಗುಳಿ ಇಲ್ಲದೆ ಮುಚ್ಚಳಗಳನ್ನು ನೆಲಕ್ಕೆ ಸುರಿದರೆ ಎಣಿಸಿದ್ದನ್ನೇ ಮತ್ತೆ ಎಣಿಸ್ತಾರೆ, ಹತ್ತಕ್ಕೆ ಹನ್ನೆರಡು ಬರುತ್ತೆ. ಅದು ದಡ್ಡತನ ಅಲ್ಲ, ಎಣಿಸಿದ್ದು ಯಾವುದು, ಬಿಟ್ಟಿದ್ದು ಯಾವುದು ಅಂತ ನೆನಪಿಡೋಕೆ ಆ ವಯಸ್ಸಿಗೆ ಜಾಗ ಬೇಕು. ಗುಳಿ ಕೊಡೋದು ಆ ಜಾಗ. ಇನ್ನು ಕೆಲವು ಮಿಸ್‌ಗಳು ‘ಎಷ್ಟು ಉಳಿದಿದೆ’ ಅಂತಷ್ಟೇ ಕೇಳ್ತಾರೆ. ಉಳಿದಿದ್ದು ಕಣ್ಣೆದುರಿಗೇ ಇದೆ, ಎಣಿಸಿದರೆ ಸಿಗುತ್ತೆ. ಕಾಣದ್ದನ್ನು ಹೇಳಿಸಿದಾಗಲೇ ತಲೆ ಓಡೋದು.

ಚಿಕ್ಕಮಗಳೂರು, ಸಕಲೇಶಪುರದ ಕಡೆಯವರಿಗೆ ಒಂದು ಮಾತು. ಜೂನ್‌ನಿಂದ ಆಗಸ್ಟ್‌ವರೆಗೆ ರಟ್ಟಿನ ಟ್ರೇ ಬೂಷ್ಟು ಹಿಡಿಯುತ್ತೆ. ಮೊಟ್ಟೆ ಕೊಳೆ ಅಂಟಿದ್ದನ್ನಂತೂ ಮಕ್ಕಳ ಕೈಗೆ ಕೊಡಲೇಬೇಡಿ. ಮಳೆಗಾಲದಲ್ಲಿ ನೆಲದ ಮೇಲೆ ಸೀಮೆಸುಣ್ಣದಲ್ಲಿ ಹತ್ತು ಮನೆ ಬರೆದರೆ ಆಯ್ತು.

ಈ ಆಟಕ್ಕೆ ಕನ್ನಡದಷ್ಟು ಒಗ್ಗುವ ಭಾಷೆ ಇನ್ನೊಂದಿಲ್ಲ ಅಂತ ನನಗನ್ನಿಸುತ್ತೆ. ‘ಒಂಬತ್ತು’ ಅನ್ನೋ ಪದವನ್ನೇ ಬಿಡಿಸಿ ನೋಡಿ. ಒಂದು, ಪತ್ತು. ಹತ್ತಕ್ಕೆ ಒಂದು ಕಮ್ಮಿ. ಒಂದು ನಾಣ್ಯ ಕಳೆದ ಹತ್ತು! ತಮಿಳಿನ ‘ಒನ್ಪದು’ ಕೂಡ ಹೀಗೇ, ಕಾಫಿ ತೋಟದ ಕೂಲಿ ಲೈನ್ ಮನೆಗಳಿಂದ ಬರೋ ತಮಿಳು ಮಕ್ಕಳಿಗೂ ಅದು ಕಿವಿಗೆ ಗೊತ್ತು. ಮುಂದೆ ‘ಇಪ್ಪತ್ತೊಂದು’ ಅಂದರೆ ಇಪ್ಪತ್ತು ಮೊದಲು, ಒಂದು ಆಮೇಲೆ, ಬರೆಯೋದೂ ಅದೇ ಕ್ರಮ. ಇಂಗ್ಲಿಷಿನ ‘ಥರ್ಟೀನ್’ನಲ್ಲಿ ಮೂರು ಮೊದಲು ಕೇಳುತ್ತೆ, ಅದಕ್ಕೇ ಎಷ್ಟೋ ಮಕ್ಕಳು 13ರ ಬದಲು 31 ಬರೀತಾರೆ. ನಮ್ಮ ‘ಹದಿಮೂರು’ ಹತ್ತರಿಂದಲೇ ಶುರು. ಎಲ್‌ಕೆಜಿಯಲ್ಲಿ ಕನ್ನಡ ಮಾತಾಡಿದರೆ ಫೈನ್ ಅನ್ನೋ ಶಾಲೆಗಳು ಇದನ್ನು ಸ್ವಲ್ಪ ಯೋಚಿಸಲಿ. ಎಣಿಕೆ ಮನೆ ಮಾತಲ್ಲಿ ಗಟ್ಟಿಯಾದರೆ ಇಂಗ್ಲಿಷ್ ಹೆಸರು ಹಚ್ಚೋಕೆ ಹೆಚ್ಚು ದಿನ ಬೇಡ.

ಎಣಿಸೋ ಸಾಮಾನಿನ ವಿಷಯದಲ್ಲಿ ಮಾತ್ರ ನಾನು ಜಗಳಕ್ಕೇ ನಿಲ್ತೀನಿ. ಚೆಂದ ಕಾಣುತ್ತೆ ಅಂತ ಗುಲಗಂಜಿ ತರಬೇಡಿ. ಅದರ ಸಿಪ್ಪೆ ಒಡೆದು ಅಗಿದರೆ ಪ್ರಾಣಕ್ಕೇ ಅಪಾಯ, ಸರ ಪೋಣಿಸೋಕೆ ತೂತು ಮಾಡಿದ್ದಂತೂ ಇನ್ನೂ ಕೆಟ್ಟದ್ದು. ಹರಳು ಬೀಜವೂ ವಿಷವೇ. ಅವರೆಕಾಳು ಅವುಗಳಂಥ ವಿಷ ಅಲ್ಲ, ಆದರೆ ಮೂಗಿಗೆ ತುರುಕಿಕೊಂಡರೆ ತೇವಕ್ಕೆ ಊದಿ ಕೂತುಬಿಡುತ್ತೆ, ಇಎನ್‌ಟಿ ಡಾಕ್ಟರ್ ಹತ್ರ ಓಡಬೇಕು. ಮೂರು ವರ್ಷದ ಮಕ್ಕಳಿಗೆ ಸೋಡಾ ಬಾಟಲಿಯ ಮುಚ್ಚಳವೂ ಚಿಕ್ಕದಾಯ್ತು, ಜಾಮ್ ಬಾಟಲಿಯ ಅಗಲದ ಮುಚ್ಚಳವೇ ಇರಲಿ. ಅದು ಗುಳಿಯಲ್ಲಿ ಕೂರದಿದ್ದರೆ ಸೀಮೆಸುಣ್ಣದ ಮನೆಗಳಲ್ಲಿ ಇಡಿಸಿ.

ಮಿಕ್ಕ ಕಥೆಗಳನ್ನು ಬೇಗ ಹೇಳಿ ಮುಗಿಸ್ತೀನಿ. ನೋಹನ ನಾವೆಗೆ ಜೋಡಿ ಜೋಡಿಯಾಗಿ ಸಾಲು ನಿಲ್ಲಿಸಿದರೆ ಎರಡು, ನಾಲ್ಕು, ಆರು ಬಾಯಿಗೆ ಬರುತ್ತೆ. ಒಂದು ಮಗು ಜೋಡಿ ಇಲ್ಲದೆ ಉಳಿದ ದಿನ ಬೆಸ ಸಂಖ್ಯೆಯ ಪಾಠವೂ ಆಗುತ್ತೆ. ಆ ಮಗು ಅಳದ ಹಾಗೆ ಅದನ್ನೇ ನೋಹ ಮಾಡಿ. ಐದು ರೊಟ್ಟಿ, ಎರಡು ಮೀನಿನ ಕಥೆ ಕೂಡಿಸೋಕೆ. ನೂರು ಕುರಿಯಲ್ಲಿ ಒಂದು ಕಳೆದ ಕಥೆ ಯುಕೆಜಿಗೂ ಬೇಡ, ಒಂದನೇ ಕ್ಲಾಸಿಗೆ ಇಡಿ, ಹತ್ತು ಹತ್ತರ ಹತ್ತು ಕಟ್ಟು ಕಟ್ಟಿಸಿ.

ನಲವತ್ತು ಮಕ್ಕಳ ಕ್ಲಾಸಲ್ಲಿ ಇದೆಲ್ಲ ಆಗುತ್ತಾ ಅಂತೀರಿ. ಒಟ್ಟಿಗೆ ಆಗಲ್ಲ. ಹತ್ತರ ನಾಲ್ಕು ಗುಂಪು ಮಾಡಿ. ಒಂದು ಗುಂಪು ಮಿಸ್ ಜೊತೆ ನಾಣ್ಯಕ್ಕೆ, ಒಂದು ಮಣ್ಣಿನ ಮುದ್ದೆಗೆ, ಒಂದು ಚಿತ್ರಕ್ಕೆ, ಒಂದು ಆಯಮ್ಮನ ಕಣ್ಣಳತೆಯಲ್ಲಿ ಮರಳಿನ ತಟ್ಟೆಗೆ. ಹತ್ತು ನಿಮಿಷಕ್ಕೊಮ್ಮೆ ಗಂಟೆ ಬಾರಿಸಿ ಜಾಗ ಬದಲಾಯಿಸಿ, ಅದಕ್ಕಿಂತ ಹೆಚ್ಚು ಹೊತ್ತು ಆ ವಯಸ್ಸಿನವರು ಕೂರಲ್ಲ.

ಮರಳಿನ ತಟ್ಟೆಗೆ ಸ್ಟೀಲ್ ಊಟದ ತಟ್ಟೆ, ಟೀ ಸೋಸೋ ಜರಡಿಯಲ್ಲಿ ಜರಡಿ ಹಿಡಿದ ಮರಳು, ಎರಡು ಮೂರು ಮಿಲಿಮೀಟರ್ ದಪ್ಪ. ಜಾಸ್ತಿ ಹಾಕಿದರೆ ಬೆರಳು ತೆಗೆದ ಕೂಡಲೇ ಗೆರೆ ಮುಚ್ಚಿಹೋಗುತ್ತೆ. ರಾಗಿ ಹಾಕಬಹುದು, ಆದರೆ ‘ಅನ್ನದ ಜೊತೆ ಆಟವಾ’ ಅಂತ ಅಜ್ಜಿಯರು ಕೇಳಿದರೆ ತಪ್ಪೇನಿಲ್ಲ. ಕನ್ನಡಕ್ಕೆ ಅ ಆ ಇ ಈ ಬೇಡ, ಸರ್ಕಾರಿ ಶಾಲೆಯ ನಲಿ ಕಲಿಯ ಹಾಗೆ ರ ಗ ಸ ದ ಅ ಇಂದ ಶುರು ಮಾಡಿ. ಐದೇ ಅಕ್ಷರಕ್ಕೆ ಸರ, ಅರಸ, ಅಗಸ ಓದೋಕೆ ಬರುತ್ತೆ. ಸರ್ಕಾರಿ ಶಾಲೆಯಿಂದ ಕಲಿಯೋದು ಅವಮಾನ ಅಂತ ಅಂದುಕೊಳ್ಳೋ ಮ್ಯಾನೇಜ್‌ಮೆಂಟ್‌ಗಳಿಗೆ ಇನ್ನೊಂದು ಹೆಸರು ಹೇಳ್ತೀನಿ. ಮರಳು ಕಾಗದದ ಅಕ್ಷರದ ಮೇಲೆ ಮಕ್ಕಳ ಬೆರಳಾಡಿಸಿದ ಇಟಲಿಯ ಮಾರಿಯಾ ಮಾಂಟೆಸ್ಸರಿ ಕ್ಯಾಥೊಲಿಕ್ಕರೇ, 1939ರಲ್ಲಿ ಮದ್ರಾಸಿಗೆ ಬಂದು ಟೀಚರ್‌ಗಳಿಗೆ ತರಬೇತಿ ಕೊಟ್ಟವರು. ಪೆನ್ಸಿಲ್ ಹಿಡಿಸಿ ಕಾಪಿಯಲ್ಲಿ ಅಕ್ಷರ ಬರೆಸೋಕೆ ಮೊದಲು ಬೆರಳಿಗೆ ಅಕ್ಷರ ಗೊತ್ತಾಗಲಿ ಅನ್ನೋದು ಅವರ ದಾರಿ.

ಕ್ಲಾಸಲ್ಲಿ ಬೇರೆ ಧರ್ಮದ ಮಕ್ಕಳೇ ಜಾಸ್ತಿ, ಬೈಬಲ್ ಕಥೆ ಯಾಕೆ ಅಂತ ಕೇಳೋರಿದ್ದಾರೆ. ಸಂವಿಧಾನದ 28(3) ಸ್ಪಷ್ಟವಾಗಿದೆ. ಸರ್ಕಾರದ ಮಾನ್ಯತೆ ಅಥವಾ ಅನುದಾನ ಇರೋ ಶಾಲೆಯಲ್ಲಿ ಧಾರ್ಮಿಕ ಬೋಧನೆಗೆ, ಪ್ರಾರ್ಥನೆಗೆ ಮಕ್ಕಳನ್ನು ಕೂರಿಸೋಕೆ ಪೋಷಕರ ಒಪ್ಪಿಗೆ ಬೇಕು. ಜೂನ್‌ನಲ್ಲೇ ಒಪ್ಪಿಗೆ ಪತ್ರ ತಗೊಳ್ಳಿ, ಬೇಡ ಅಂದವರ ಮಗುವಿಗೆ ಅದೇ ಹತ್ತು ಮುಚ್ಚಳ ಕೊಟ್ಟು ಕಳೆದುಹೋದ ಕರುವಿನ ಕಥೆ ಹೇಳಿ. ಎಣಿಕೆ ಬದಲಾಗಲ್ಲ.

ಕೊನೆಗೆ ಡಿಸೆಂಬರ್. ಗೋದಲಿಗೆ, ಅಂದರೆ ಯೇಸು ಹುಟ್ಟಿದ ಕೊಟ್ಟಿಗೆಯ ಮಾದರಿಗೆ, ಹತ್ತಿಯ ಹಿಮ ಅಂಟಿಸೋದು ಬಿಡಿ, ಆಗ ಇಲ್ಲಿ ಕಾಫಿ ಕೊಯ್ಲು, ರಾಗಿ ಒಕ್ಕಣೆ. ಗೋದಲಿಯ ಹುಲ್ಲನ್ನು ಮಕ್ಕಳೇ ಬೆಳೆಸಲಿ. 12ನೇ ತಾರೀಖು ಒಂದು ಹಿಡಿ ಬಿತ್ತನೆ ರಾಗಿ ರಾತ್ರಿ ನೆನೆಸಿ, ಮಾರನೇ ದಿನ ಬಟ್ಟೆಯಲ್ಲಿ ಕಟ್ಟಿಡಿ. 14ಕ್ಕೆ ತಳ ತೂತು ಮಾಡಿದ ಟ್ರೇಗೆ (ಮೊಟ್ಟೆಯದಲ್ಲ) ಮೂರು ಬೆರಳು ಮಣ್ಣು, ಗೊಬ್ಬರ ಹಾಕಿ ತೆಳ್ಳಗೆ ಉದುರಿಸಿ. ಒತ್ತೊತ್ತಾಗಿ ಚೆಲ್ಲಿದರೆ ಬುಡ ಕೊಳೆಯುತ್ತೆ. ಮಗ್ಗಿನಲ್ಲಿ ನೀರು ಹುಯ್ದರೆ ಕಾಳೆಲ್ಲ ಮೂಲೆಗೆ ಸೇರುತ್ತೆ, ಕೈಯಲ್ಲೇ ಚಿಮುಕಿಸಬೇಕು. ಪೇಪರ್ ಮುಚ್ಚೋದು ಎರಡು ದಿನ ಮಾತ್ರ, ಆಮೇಲೂ ಮುಚ್ಚಿದ್ದರೆ ಹಳದಿ ಪೈರು. ಪೈರು ಎದ್ದ ಮೇಲೆ ದಿನಾ ಬೆಳಿಗ್ಗೆ ಅದರ ಪಕ್ಕ ಕಾಗದದ ಪಟ್ಟಿ ಹಿಡಿದು, ಅಷ್ಟೇ ಎತ್ತರಕ್ಕೆ ಕತ್ತರಿಸಿ, ಮಕ್ಕಳ ಕಣ್ಣಿನ ಮಟ್ಟಕ್ಕೆ ಗೋಡೆಗೆ ಸಾಲಾಗಿ ಅಂಟಿಸಲಿ. ಸ್ಕೇಲ್ ಬೇಡ, ಗ್ರಾಫ್ ತಾನೇ ಎದ್ದು ನಿಲ್ಲುತ್ತೆ. ಚಳಿ ಜಾಸ್ತಿ ಇದ್ದ ವರ್ಷ ಮೊಳಕೆ ತಡ ಆಗುತ್ತೆ, ಎರಡು ದಿನ ಮೊದಲೇ ಬಿತ್ತಿ.

ಕ್ರಿಸ್ಮಸ್ ರಜೆಯಲ್ಲಿ ಟ್ರೇಗೆ ನೀರು ಹಾಕೋರು ಯಾರು ಅಂತ ಮೊದಲೇ ಗೊತ್ತು ಮಾಡಿಕೊಳ್ಳಿ, ಮರೆಯೋದೇ ಅಲ್ಲಿ. ಜನವರಿ 6, ಮೂವರು ರಾಯರ ಹಬ್ಬಕ್ಕೆ ಗೋದಲಿ ತೆಗೆಯೋ ಹೊತ್ತಿಗೆ ಪೈರಿಗೆ ಮೂರು ವಾರ ದಾಟಿರುತ್ತೆ, ನಾಟಿಗೆ ಸರಿಯಾದ ವಯಸ್ಸು. ಗಟ್ಟಿಯಾಗಿರೋ ಹತ್ತು ಪೈರು ಕಿತ್ತು ಗೇಣಿಗೊಂದರಂತೆ ಶಾಲೆಯ ಕಾಂಪೌಂಡ್ ಪಕ್ಕ ನೆಡಿ. ಒಂದು ಒಣಗಿದ ದಿನ ಎಷ್ಟು ಉಳಿದಿದೆ ಅಂತ ಕೇಳಬೇಡಿ, ಎಷ್ಟು ಕಳೆದಿದೆ ಅಂತ ಕೇಳಿ.