ಕಲಿಕೆ ಆ್ಯಪ್‌ನಲ್ಲಿ ನಾಲ್ಕು ಆಯ್ಕೆಯ ಪ್ರಶ್ನೆಗಳೇ ಸಾಕಾ?

ಪರ: ಸಾಕು, ಆಯ್ಕೆಗಳನ್ನು ಯೋಚಿಸಿ ಕೊಟ್ಟರೆ

ಶಿಡ್ಲಘಟ್ಟದ ಹತ್ತಿರ ಆರನೇ ಕ್ಲಾಸಿಗೆ ಗಣಿತ ಹೇಳಿಕೊಡುತ್ತೇನೆ. 1/2 + 1/3 ಎಷ್ಟು ಅಂತ ಆ್ಯಪ್‌ನಲ್ಲಿ ಕೇಳಿದ್ದೆ. ಆಯ್ಕೆಗಳು 5/6, 2/5, 2/6, 1/6. ಇದರಲ್ಲಿ 2/5 ಒತ್ತಿದ ಮಗು ಮೇಲಿನದಕ್ಕೆ ಮೇಲಿನದು, ಕೆಳಗಿನದಕ್ಕೆ ಕೆಳಗಿನದು ಕೂಡಿಸಿದೆ. 2/6 ಒತ್ತಿದ ಮಗು ಛೇದವನ್ನು 6 ಮಾಡಿಕೊಂಡಿದೆ, ಅಂಶ ಬದಲಾಯಿಸೋದು ಮರೆತಿದೆ. 1/6 ಒತ್ತಿದ್ದರೆ ಕೂಡೋ ಬದಲು ಕಳೆದಿರಬೇಕು, ಇಲ್ಲವೇ ಗುಣಿಸಿರಬೇಕು. ಯಾವ ಮಗು ಎಲ್ಲಿ ಎಡವಿತು ಅಂತ ನನಗೆ ಆಗಲೇ ಗೊತ್ತಾಗಿಬಿಡುತ್ತದೆ. ಮಾರನೇ ದಿನದ ಪಾಠ ಅಲ್ಲಿಂದಲೇ ಶುರು.

ಬರೆದು ಉತ್ತರಿಸೋದು ಒಳ್ಳೇದೇ. ಆದರೆ ಫೋನ್‌ನಲ್ಲಿ ಕನ್ನಡ ಟೈಪ್ ಮಾಡೋದು ಚಿಕ್ಕ ಮಕ್ಕಳಿಗೆ ಕಷ್ಟ. ಸೆಪ್ಟೆಂಬರ್ 15, ಎಂಜಿನಿಯರುಗಳ ದಿನ, ಯಾರ ಹುಟ್ಟುಹಬ್ಬ ಅಂತ ಒಂದು ಆ್ಯಪ್ ಕೇಳಿತ್ತು. ನಮ್ಮ ಶಾಲೆ ಹುಡುಗಿ 'ಸರ್ ಎಂವಿ' ಅಂತ ಬರೆದಳು. ಮುದ್ದೇನಹಳ್ಳಿ ನಮ್ಮ ಜಿಲ್ಲೆಯದೇ, ಇಲ್ಲಿ ಎಲ್ಲರೂ ಕರೆಯೋದು ಹಾಗೇ ಅಲ್ವಾ? ಕೆಂಪು ಗುರುತು ಬಂತು. 'ವಿಶ್ವೇಶ್ವರಯ್ಯ' ಬರೆಯಲು ಹೋದಳು, ಒಂದು ಒತ್ತು ಬಿಟ್ಟುಹೋಯಿತು, ಮತ್ತೆ ಕೆಂಪು. ಅವಳ ಕಣ್ಣು ತುಂಬಿಕೊಂಡಿತ್ತು. ಸಂಜೆ ಅಪ್ಪನ ಫೋನ್ ಅರ್ಧ ಗಂಟೆ ಸಿಗುವ ಮಗುವಿಗೆ ಆ ಹೊತ್ತು ಅಕ್ಷರ ಹುಡುಕೋದರಲ್ಲೇ ಕಳೆಯಬಾರದು.

ವಿರೋಧ: ಸಾಲದು, ಮಗು ತಾನೇ ಹೇಳಬೇಕು

ಮೇಷ್ಟ್ರು ಹೇಳಿದ ಅದೇ ಲೆಕ್ಕಕ್ಕೆ ನನ್ನ ಮಗಳು 5/6 ಒತ್ತಿದಳು. ಹಸಿರು ಬಂತು. ಹಳೇ ಕ್ಯಾಲೆಂಡರ್ ಹಾಳೆಯ ಹಿಂದೆ ಅದನ್ನೇ ಬರೆಸಿದೆ. 2/5 ಬರೆದಳು. "ಮತ್ತೆ ಅಲ್ಲಿ ಹೇಗೆ ಸರಿ ಬಂತೇ?" ಅಂದೆ. "ಹೋದ ಸಲ ಅದನ್ನೇ ಒತ್ತಿದ್ದೆ ಅಮ್ಮ, ಹಸಿರು ಬಂದಿತ್ತು" ಅಂದಳು.

ಏನೂ ಓದದೆ ಸುಮ್ನೆ ಒತ್ತಿದರೂ ನಾಲ್ಕರಲ್ಲಿ ಒಂದು ಸರಿಯಾಗಬಹುದು. ಸರಿ-ತಪ್ಪು ಪ್ರಶ್ನೆಗೆ ಅರ್ಧಕ್ಕರ್ಧ. ನಾಲ್ಕು ಜೋಡಿ ಹೊಂದಿಸುವಾಗ ಮೂರು ಗೊತ್ತಿದ್ದರೆ ನಾಲ್ಕನೆಯದು ತಾನಾಗೇ ಕೂರುತ್ತದೆ. ನೀಟ್‌ನಲ್ಲಿ ತಪ್ಪು ಉತ್ತರಕ್ಕೆ 1 ಅಂಕ ಕಳೆಯೋದು ಈ ಊಹೆಯ ಆಟ ತಡೆಯೋಕೇ.

ನಾವು ಹುಳು ಸಾಕುವವರು. ರೇಷ್ಮೆಯ ಪಾಠಕ್ಕೆ ಆ್ಯಪ್‌ನಲ್ಲಿ ಮೊಟ್ಟೆ, ಹುಳು, ಗೂಡು, ಚಿಟ್ಟೆ, ನಾಲ್ಕು ಚಿತ್ರ ಎಳೆದು ಸಾಲಾಗಿ ಇಡಬೇಕಿತ್ತು. ಚಕ್ಕನೆ ಮುಗಿಸಿದಳು. ಪಕ್ಕದಲ್ಲಿ ಸೊಪ್ಪು ಕತ್ತರಿಸುತ್ತಿದ್ದ ನಮ್ಮತ್ತೆ, "ಹುಳ ಜ್ವರಕ್ಕೆ ಕೂತಿದ್ದು ಹೆಂಗೆ ಗೊತ್ತಾಗುತ್ತೆ?" ಅಂತ ಕೇಳಿದರು. ಪೊರೆ ಬಿಡುವ ಮುಂಚೆ ಹುಳ ತಿನ್ನದೆ ಸುಮ್ಮನಾಗೋದಕ್ಕೆ ನಾವು ಜ್ವರ ಅನ್ನುತ್ತೇವೆ. "ಸೊಪ್ಪು ಮುಟ್ಟಲ್ಲ ಅಜ್ಜಿ. ತಲೆ ಎತ್ತಿಕೊಂಡು ಅಲ್ಲಾಡದೆ ಇರುತ್ತೆ. ಹಿಂಗೇ ನಾಲ್ಕು ಸಲ. ಆಮೇಲೆ ಹಣ್ಣಾಗುತ್ತೆ, ಚಂದ್ರಿಕೆಗೆ ಬಿಡ್ತೀವಿ." ಹಣ್ಣಾಗೋದು ಅಂದರೆ ಗೂಡು ಕಟ್ಟೋಕೆ ಸಿದ್ಧವಾಗೋದು, ಚಂದ್ರಿಕೆ ಅಂದರೆ ಹುಳ ಗೂಡು ಕಟ್ಟುವ ತಟ್ಟೆ. ಇಷ್ಟು ಗೊತ್ತಿರುವ ಮಗುವನ್ನು ಆ್ಯಪ್ ಕೇಳಿದ್ದು ನಾಲ್ಕು ಚಿತ್ರ ಮಾತ್ರ. ನನಗೆ ಬೇಜಾರಾಗಿದ್ದು ಅದಕ್ಕೇ.

ಟೈಪ್ ಮಾಡೋದು ಕಷ್ಟ, ಒಪ್ಪುತ್ತೇನೆ. ಹಾಗಾದರೆ ಬಾಯಲ್ಲಿ ಹೇಳಿ ರೆಕಾರ್ಡ್ ಮಾಡಲಿ, ನೋಟ್‌ಬುಕ್‌ನಲ್ಲಿ ಬರೆದು ಫೋಟೋ ಕಳಿಸಲಿ. ಮೇಷ್ಟ್ರಿಗೆ ಕೆಲಸ ಜಾಸ್ತಿ ಆಗುತ್ತದೆ, ಗೊತ್ತು. ಎಲ್ಲಕ್ಕೂ ಬೇಡ, ವಾರಕ್ಕೆ ಎರಡು ಪ್ರಶ್ನೆ ಹೀಗೆ ಕೇಳಿದರೂ ಆದೀತು. ಆ್ಯಪ್ ಮಾಡುವವರು ಸರಿ ಉತ್ತರದ ಪಟ್ಟಿಗೆ 'ಸರ್ ಎಂವಿ'ಯನ್ನೂ ಸೇರಿಸಲಿ.